ರಕ್ತದಲ್ಲಿದೆ ಎನ್ನುವ ಮಾತು

ಹೆಣ್ಣು ಕೊಡುವ, ತರುವ ಮಾತು ಬಂದಾಗ ನಮ್ಮ ಊರುಗಳಲ್ಲಿ ಮನೆತನ ವಿಚಾರಿಸುವ ಪದ್ಧತಿಯಿದೆ. ಆಸ್ತಿಪಾಸ್ತಿ, ನಡತೆ ಎಲ್ಲ ಕೇಳಿಯಾದ ಮೇಲೆ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: “ಅವರ ಮನೆಯಲ್ಲಿ ಯಾರಿಗೋ ತಲೆ ಸರಿಯಿಲ್ಲವಂತೆ, ಹೌದೇ?” ಹೌದೆಂದರೆ ಮುಗಿಯಿತು. “ರಕ್ತದಲ್ಲೇ ಇದೆ ಬಿಡಿ” ಎಂದು ಎದ್ದುಬಿಡುತ್ತಾರೆ. ಸಕ್ಕರೆ ಕಾಯಿಲೆಯೂ ವಂಶದಲ್ಲಿ ಹರಿದು ಬರುತ್ತದೆ. ಅದನ್ನು ಮಾತ್ರ ಕಾಫಿ ಕುಡಿಯುತ್ತಲೇ ಸಲೀಸಾಗಿ ಹೇಳಿಕೊಳ್ಳುತ್ತೇವೆ.

ಹಾಗಾದರೆ ಆ ಮಾತು ಸುಳ್ಳೇ? ಪೂರ್ತಿ ಸುಳ್ಳೆಂದರೆ ನಾನೇ ಸುಳ್ಳು ಹೇಳಿದಂತಾದೀತು. ಸ್ಕಿಜೋಫ್ರೇನಿಯಾ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ಒಡಹುಟ್ಟಿದವರಿಗಿದ್ದರೆ ಆ ಸಂಭವ ನೂರಕ್ಕೆ ಸುಮಾರು 9ಕ್ಕೆ ಏರುತ್ತದೆ. ಆದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ಅದೇ ರಕ್ತ, ಅದೇ ಗರ್ಭ. ಆದರೂ ಉಳಿದ ಅರ್ಧ ಜನ ಪಾರಾಗುತ್ತಾರೆ.

2016ರಲ್ಲಿ ಅಮೆರಿಕದ ವಿಜ್ಞಾನಿಗಳು ಸುಮಾರು 65,000 ಜನರ ವಂಶವಾಹಿಗಳನ್ನು ಹೋಲಿಸಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಗತಿ ಪ್ರಕಟಿಸಿದರು. ಆರನೆಯ ಕ್ರೋಮೋಸೋಮಿನ ಮೇಲಿರುವ ಸಿ4 ಎಂಬ ವಂಶವಾಹಿ ಯಾರಲ್ಲಿ ಹೆಚ್ಚು ಚುರುಕಾಗಿರುತ್ತದೋ ಅವರಿಗೆ ಈ ಕಾಯಿಲೆಯ ಸಂಭವ ತುಸು ಹೆಚ್ಚು. ಈ ಸಿ4 ನಮ್ಮ ನಿಮ್ಮೆಲ್ಲರ ಮೈಯಲ್ಲೂ ಇರುವಂಥದು. ಗಾಯವಾದಾಗ ಕೆಂಪಗೆ ಊದಿ ಬಿಸಿಯಾಗುವುದಿಲ್ಲವೇ, ಆ ಉರಿಯೂತದ ವ್ಯವಸ್ಥೆಗೆ ಸೇರಿದ ಕಾವಲಿನವ ಅದು. ರೋಗಾಣುಗಳಿಗೆ ಗುರುತು ಹಚ್ಚುತ್ತದೆ. ಬೇರೆ ಜೀವಕೋಶಗಳು ಬಂದು ಗುರುತಿದ್ದುದನ್ನು ನುಂಗುತ್ತವೆ. ಮಿದುಳಿನಲ್ಲಿ ಅದು ನರಕೋಶಗಳು ಒಂದನ್ನೊಂದು ಕೂಡುವ ಜಾಗಗಳಿಗೂ ಗುರುತು ಹಚ್ಚುತ್ತದೆ. ಹದಿಹರೆಯದಲ್ಲಿ ಮಿದುಳು ಬೇಡದ ಕೂಡುಗಳನ್ನು ತೆಗೆದುಹಾಕುವುದು ಸಹಜ. ಕಳೆ ಕೀಳುವ ಕೈ ಅತಿಯಾದರೆ ಪೈರೂ ಕಿತ್ತುಬರುತ್ತದಲ್ಲ, ಹಾಗೇನೋ ಆಗುತ್ತಿರಬಹುದು ಎಂಬುದು ವಿಜ್ಞಾನಿಗಳ ಊಹೆ. ಪಿಯುಸಿ, ಡಿಗ್ರಿ ಓದುವ ವಯಸ್ಸಿನಲ್ಲೇ ಎಷ್ಟೋ ಮಕ್ಕಳು ಇದ್ದಕ್ಕಿದ್ದಂತೆ ಮಂಕಾಗುವುದನ್ನು ಕಂಡ ನಮ್ಮಂಥ ಮೇಷ್ಟರುಗಳಿಗೆ ಈ ಊಹೆ ಮನಸ್ಸಿಗೆ ನಾಟುತ್ತದೆ. ಅಂದಹಾಗೆ ಸಿ4 ಒಂದೇ ಅಲ್ಲ. 2022ರ ಹೊತ್ತಿಗೆ ಈ ಕಾಯಿಲೆಗೆ ನಂಟಿರುವ 287 ತಾಣಗಳನ್ನು ಗುರುತಿಸಿದ್ದರು.

ನನ್ನನ್ನು ತಡೆದು ನಿಲ್ಲಿಸಿದ್ದು 2020ರ ಇನ್ನೊಂದು ಸಂಗತಿ. ಲೂಪಸ್ ಎಂಬ ಕಾಯಿಲೆಯಿದೆ. ಮೈಯ ಕಾವಲು ಪಡೆ ಮೈಮೇಲೇ ತಿರುಗಿ ಬೀಳುವುದು, ಹೆಚ್ಚಾಗಿ ಹೆಂಗಸರನ್ನೇ ಕಾಡುವುದು. ಸ್ಕಿಜೋಫ್ರೇನಿಯಾದ ಸಂಭವ ಹೆಚ್ಚಿಸುವ ಸಿ4ನ ಆ ರೂಪಗಳೇ ಲೂಪಸ್ಸಿನ ಸಂಭವವನ್ನು ತಗ್ಗಿಸುತ್ತವೆ! ಈಗ ಮನೆತನ ವಿಚಾರಿಸುವ ಹಿರಿಯರು ಹೇಳಲಿ, ಯಾವುದು ಒಳ್ಳೆಯ ರಕ್ತ?

ಹಾಗೆಂದು ಮುಚ್ಚಿಡಬಹುದೇ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಅಣ್ಣನಿಗೆ ಈ ಕಾಯಿಲೆ. ಗಂಡಿನ ಕಡೆಯವರು ಬಂದ ದಿನ ಅವನನ್ನು ಹಿಂದಿನ ಬೀದಿಯ ನೆಂಟರ ಮನೆಗೆ ಕಳಿಸಿದ್ದರು. “ಹೇಳಬೇಕಾ ಟೀಚರ್?” ಎಂದು ಅವಳು ಕೇಳಿದಳು. ಹೇಳಬೇಕು ಎಂದೆ. ಬಾಳು ಹಂಚಿಕೊಳ್ಳುವವನಿಗೆ ತಿಳಿಯುವ ಹಕ್ಕಿದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಅವಳ ಅಣ್ಣ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಅವನು ತಂಗಿಯ ಬಾಣಂತನಕ್ಕೂ, ಹಬ್ಬಕ್ಕೂ ಹಿಂದಿನ ಬೀದಿಯಲ್ಲೇ ಉಳಿಯಬೇಕಾಗುತ್ತದೆ. ಮಾತ್ರೆ ತೆಗೆದುಕೊಂಡು, ಅಂಗಡಿಯ ಲೆಕ್ಕ ಬರೆಯುವಷ್ಟು ಚೇತರಿಸಿಕೊಂಡ ಹುಡುಗ ಅವನು. ಅವಳು ಹೇಳಿದಳು. ಆ ಸಂಬಂಧ ಕೂಡಿಬರಲಿಲ್ಲ. ನನ್ನ ಮಾತಿಗೆ ಬೆಲೆ ತೆತ್ತವಳು ಅವಳು, ನಾನಲ್ಲ. ಆದರೂ ಇವತ್ತು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

ಆ ತಾಯಿಯದು ಬೇರೆಯೇ ಸಂಕಟ. 1948ರಲ್ಲಿ ಫ್ರೀಡಾ ಫ್ರಾಮ್ ರೈಕ್‌ಮನ್ ಎಂಬ ಮನೋವೈದ್ಯೆ ಈ ಕಾಯಿಲೆಗೆ ತಾಯಿಯ ನಡವಳಿಕೆಯೇ ಕಾರಣವೆಂಬರ್ಥದ ಹೆಸರೊಂದನ್ನು ಬಳಕೆಗೆ ತಂದಳು. ಬರೆದವಳೂ ಹೆಂಗಸೇ! ಆ ವಾದ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಈಗ ಗರ್ಭಿಣಿಗೆ ಬಂದ ಸೋಂಕು, ಉರಿಯೂತ ಕೂಡ ಮಗುವಿನ ಮಿದುಳಿನ ಮೇಲೆ ಪರಿಣಾಮ ಮಾಡಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಹುಡುಕಲಿ, ಬೇಕಾದದ್ದೇ. ಆದರೆ ಆ ಸುದ್ದಿ ಎಲ್ಲಿಂದಲೋ ಅವರ ಕಿವಿಗೆ ಬಿದ್ದಿತ್ತು. “ಇವನು ಹೊಟ್ಟೆಯಲ್ಲಿದ್ದಾಗ ನನಗೆ ಎಂಟು ದಿನ ಜ್ವರ ಬಂದಿತ್ತು ಟೀಚರ್, ಅದರಿಂದಲೇ ಹೀಗಾಯಿತಾ?” ಎಂದು ಕೇಳಿದರು. ಬಸಿರಿಯಲ್ಲಿ ಜ್ವರ ಬಂದ ಲಕ್ಷಾಂತರ ತಾಯಂದಿರ ಮಕ್ಕಳು ಚೆನ್ನಾಗಿದ್ದಾರೆ ಎಂದೆ. ಆರನೆಯ ಕ್ರೋಮೋಸೋಮು ಎರಡಿರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ ಬರುತ್ತದೆ ಎಂದೂ ಹೇಳಿದೆ. ಅವರ ಯಜಮಾನರು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದರು. ತಲೆ ಎತ್ತಲಿಲ್ಲ.