ಮುಯ್ಯಿ ಪುಸ್ತಕ ಯಾರ ಕೈಯಲ್ಲಿರಬೇಕು?

ನಮ್ಮ ಕಡೆ ಮದುವೆ ಮನೆಗಳಲ್ಲಿ ಧಾರೆ ಮುಗಿಯುತ್ತಿದ್ದಂತೆ ಒಬ್ಬರು ನೋಟುಪುಸ್ತಕ ಹಿಡಿದು ಮುಯ್ಯಿ ಬರೆಯಲು ಕೂರುತ್ತಾರೆ. ಯಾರು ಎಷ್ಟು ಹಣ ಹಾಕಿದರು, ಯಾರು ಸೀರೆ ಕೊಟ್ಟರು, ಯಾರು ಪಾತ್ರೆ ಕೊಟ್ಟರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಇದನ್ನು ಸಣ್ಣತನ ಎಂದು ಮೂಗು ಮುರಿಯುವವರುಂಟು. ನಾನು ಹಾಗೆನ್ನಲಾರೆ. ಪಡೆದದ್ದನ್ನು ಮರೆಯದೆ ಇನ್ನೊಬ್ಬರ ಮನೆಯ ಶುಭಕಾರ್ಯಕ್ಕೆ ಹಿಂದಿರುಗಿಸಬೇಕಾದರೆ ಲೆಕ್ಕ ಬೇಕೇ ಬೇಕು. ಆದರೆ ಎರಡು ರಾತ್ರಿ ನಿದ್ದೆಗೆಟ್ಟು ಲಾಡು ಕಟ್ಟಿಕೊಟ್ಟ ಪಕ್ಕದ ಮನೆಯಾಕೆಯ ಹೆಸರು ಆ ಪುಸ್ತಕದ ಯಾವ ಸಾಲಿನಲ್ಲೂ ಇರುವುದಿಲ್ಲ. ಅವಳ ಋಣವನ್ನು ಯಾವ ಅಂಕಿಯಲ್ಲಿ ಬರೆಯುವುದು?

ದೇಶದೇಶಗಳ ನಡುವೆಯೂ ಇಂಥ ಲೆಕ್ಕವಿದೆ. 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ನಿರ್ಣಯ ಮಾಡಿತು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಉತ್ಪನ್ನದ ಶೇಕಡಾ 0.7ರಷ್ಟನ್ನು ಬಡ ದೇಶಗಳ ಏಳಿಗೆಗೆ ನೆರವಾಗಿ ಕೊಡಬೇಕು ಎಂದು. ಸಾವಿರ ರೂಪಾಯಿ ಸಂಪಾದಿಸುವವರು ಏಳು ರೂಪಾಯಿ ತೆಗೆದಿಟ್ಟಂತೆ. ಅರ್ಧ ಶತಮಾನ ಕಳೆದ ಮೇಲೆ, 2023ರಲ್ಲಿ, ಆ ದೇಶಗಳೆಲ್ಲ ಸೇರಿ ಕೊಟ್ಟದ್ದು ಸಾವಿರಕ್ಕೆ ನಾಲ್ಕು ರೂಪಾಯಿಗಿಂತ ಕಡಿಮೆ. ಗುರಿ ಮುಟ್ಟಿದವು ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್, ಜರ್ಮನಿ, ಡೆನ್ಮಾರ್ಕ್ ಎಂಬ ಐದೇ ದೇಶಗಳು. ಇಲ್ಲಿ ಅಂಕಿ ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ವೇದಿಕೆಯ ಭಾಷಣಕ್ಕೂ ಬಿಚ್ಚಿದ ಗಂಟಿಗೂ ಇರುವ ಅಂತರವನ್ನು ಎಲ್ಲರೆದುರು ತೋರಿಸುತ್ತದೆ.

ಆದರೆ ಪುಸ್ತಕದಲ್ಲಿ ಏನೇನನ್ನು ಸೇರಿಸುತ್ತಾರೆ ಎಂದು ನೋಡಿದರೆ ಮನಸ್ಸು ಮುದುಡುತ್ತದೆ. ಕೋವಿಡ್ ಕಾಲದಲ್ಲಿ ಶ್ರೀಮಂತ ದೇಶಗಳು ತಮ್ಮ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಲಸಿಕೆ ಕೊಂಡಿಟ್ಟುಕೊಂಡವು. ಮಿಕ್ಕದ್ದನ್ನು ದಾನ ಕೊಟ್ಟಾಗ, 2021ರ ಲೆಕ್ಕದಲ್ಲಿ ಅದನ್ನು ಡೋಸಿಗೆ 6.72 ಡಾಲರಿನಂತೆ ನೆರವು ಎಂದು ಬರೆದುಕೊಳ್ಳಲು ಅವಕಾಶವಾಯಿತು. ಆ ವರ್ಷದ ಡಿಸೆಂಬರ್ ತಿಂಗಳೊಂದರಲ್ಲೇ ಬಡ ದೇಶಗಳು 10 ಕೋಟಿಗೂ ಹೆಚ್ಚು ಡೋಸುಗಳನ್ನು ಬೇಡವೆಂದವು ಎಂದು ಯುನಿಸೆಫ್ ಹೇಳಿತು. ಮುಖ್ಯ ಕಾರಣ, ಅವುಗಳ ಅವಧಿ ಮುಗಿಯುತ್ತ ಬಂದಿದ್ದದ್ದು. ಹಳಸುವ ಹೊತ್ತಿನಲ್ಲಿ ಅನ್ನವನ್ನು ನೆರೆಮನೆಗೆ ಕಳಿಸಿ ಅದನ್ನು ಅನ್ನದಾನವೆಂದು ಬರೆದಿಟ್ಟುಕೊಂಡರೆ ನಮ್ಮ ಅಜ್ಜಿಯರು ಏನೆನ್ನುತ್ತಿದ್ದರು?

ತಂತ್ರಜ್ಞಾನದ ಅಳತೆಯೂ ಹೀಗೆಯೇ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ 17 ಗುರಿಗಳಲ್ಲಿ ಕೊನೆಯದು ದೇಶಗಳ ಸಹಭಾಗಿತ್ವ. ಅದರ ಒಂದು ಮಾನದಂಡ, ನೂರು ಜನರಿಗೆ ಎಷ್ಟು ಬ್ರಾಡ್‌ಬ್ಯಾಂಡ್ ಸಂಪರ್ಕವಿದೆ ಎಂಬುದು. ತಂತಿ ಬಂದದ್ದು ಗೊತ್ತಾಗುತ್ತದೆ, ನಿಜ. ಯಾರಾದರೂ ತಮ್ಮ ವಿದ್ಯೆಯನ್ನು ಹಂಚಿಕೊಂಡರೇ ಎಂಬುದು ಗೊತ್ತಾಗುವುದಿಲ್ಲ. 2020ರ ಅಕ್ಟೋಬರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಗಳು ಕೋವಿಡ್ ಔಷಧ, ಲಸಿಕೆಗಳ ಪೇಟೆಂಟ್ ಹಕ್ಕನ್ನು ಸ್ವಲ್ಪ ಕಾಲ ಸಡಿಲಿಸಿ ಎಂದು ವಿಶ್ವ ವ್ಯಾಪಾರ ಸಂಸ್ಥೆಯನ್ನು ಕೇಳಿದವು. ಉತ್ತರ ಬರಲು 2022ರ ಜೂನ್ ಆಯಿತು. ಬಂದದ್ದೂ ಲಸಿಕೆಗಳಿಗಷ್ಟೇ ಸೀಮಿತವಾದ ಅರೆಮನಸ್ಸಿನ ಉತ್ತರ.

ಹಾಗಾದರೆ ನಿಜವಾದ ಸಹಕಾರ ಎಂದಾದರೂ ನಡೆದಿದೆಯೇ? ನಡೆದಿದೆ. ನನ್ನ ವಯಸ್ಸಿನ ಹೆಂಗಸರು ರವಿಕೆಯ ತೋಳು ಸರಿಸಿದರೆ ಅದರ ಗುರುತು ಕಾಣುತ್ತದೆ. ಅದು ಸಿಡುಬಿನ ಲಸಿಕೆಯ ಕಲೆ. 1958ರಲ್ಲಿ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಹಾವು ಮುಂಗುಸಿಗಳಂತಿದ್ದ ಕಾಲದಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲೇ ನಡೆದ ವಿಶ್ವ ಆರೋಗ್ಯ ಸಭೆಯಲ್ಲಿ ಎದ್ದುನಿಂತು ಸಿಡುಬನ್ನು ಭೂಮಿಯಿಂದಲೇ ಅಳಿಸೋಣ ಎಂದವರು ಸೋವಿಯತ್ ವೈದ್ಯ ವಿಕ್ಟರ್ ಝ್ದಾನೊವ್. ಮುಂದೆ ಆ ಕಾರ್ಯಕ್ರಮದ ನೊಗ ಹೊತ್ತವರು ಅಮೆರಿಕದ ಡಿ. ಎ. ಹೆಂಡರ್ಸನ್. ಸೋವಿಯತ್ ಒಕ್ಕೂಟ ನೂರು ಕೋಟಿಗೂ ಮೀರಿ ಡೋಸು ಲಸಿಕೆ ಕೊಟ್ಟಿತು. ಮೊದಲಿನ ಕಾಲುಭಾಗ ಲಸಿಕೆಯಲ್ಲೇ ಕೆಲಸ ಮುಗಿಸುವ ಕವಲುಸೂಜಿಯನ್ನು ರೂಪಿಸಿದ ಅಮೆರಿಕದ ವೈಯತ್ ಕಂಪನಿ, ಈ ಕೆಲಸಕ್ಕಾಗಿ ತನ್ನ ರಾಯಧನವನ್ನು ಬಿಟ್ಟುಕೊಟ್ಟಿತು. 1975ರಲ್ಲಿ ಭಾರತದಿಂದ ತೊಲಗಿದ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು.

1967ರಿಂದ ಇದಕ್ಕೆ ತಗುಲಿದ್ದು ಸುಮಾರು 30 ಕೋಟಿ ಡಾಲರ್. ಅದರಲ್ಲಿ ಮೂರನೆಯ ಎರಡು ಪಾಲನ್ನು ಹೊತ್ತವು ರೋಗದಿಂದ ನರಳುತ್ತಿದ್ದ ದೇಶಗಳೇ. ಇನ್ನು ಬಿಸಿಲಲ್ಲಿ ಮನೆಮನೆ ಬಾಗಿಲು ತಟ್ಟಿ, ಇಲ್ಲಿ ಯಾರಿಗಾದರೂ ಜ್ವರ, ಬೊಕ್ಕೆ ಎದ್ದಿದೆಯೇ ಎಂದು ವಿಚಾರಿಸಿದ ಆರೋಗ್ಯ ಕಾರ್ಯಕರ್ತರ ನಡಿಗೆಗೆ ಡಾಲರಿನಲ್ಲಿ ಬೆಲೆ ಕಟ್ಟಿದವರಾರು? ಅವರೇ ಈ ಮದುವೆಯ ಲಾಡು ಕಟ್ಟಿದವರು.

ಹಾಗೆಂದು ಅಂಕಿಗಳನ್ನು ಒಲೆಗೆ ಹಾಕಿ ಎನ್ನಲು ನಾನು ಸಿದ್ಧಳಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದ ಕೈ ನನ್ನದು. 1990ರಲ್ಲಿ ಪಾಕಿಸ್ತಾನದ ಮೆಹಬೂಬ್ ಉಲ್ ಹಕ್ ಅವರು ಆದಾಯದ ಜೊತೆಗೆ ಆಯಸ್ಸು, ಅಕ್ಷರಗಳನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಹೊರತಂದಾಗ, ಮನುಷ್ಯರ ಬದುಕನ್ನು ಒಂದೇ ಅಂಕಿಗೆ ಇಳಿಸುವುದಕ್ಕೆ ಅವರ ಗೆಳೆಯ ಅಮರ್ತ್ಯ ಸೇನ್ ಮೊದಲು ಅನುಮಾನಪಟ್ಟಿದ್ದರು. ಆದಾಯದ ಒರಟು ಅಂಕಿಯನ್ನು ಎದುರಿಸಲು ಇನ್ನೊಂದು ಒರಟು ಅಂಕಿಯೇ ಬೇಕೆಂಬ ಹಕ್ ಅವರ ವಾದಕ್ಕೆ ಕೊನೆಗೆ ಒಪ್ಪಿದರು. ಆ ಅಂಕಿ ಎಷ್ಟು ಕೊಟ್ಟಿರಿ ಎಂದು ಕೇಳುವುದಿಲ್ಲ. ಜನ ಹೇಗೆ ಬದುಕುತ್ತಿದ್ದಾರೆ ಎಂದು ಕೇಳುತ್ತದೆ.

ನನಗೆ ಮುಖ್ಯವೆನಿಸುವುದು ಇದೇ. ನಮ್ಮ ಮುಯ್ಯಿ ಪುಸ್ತಕವನ್ನು ಬರೆಯುವವರು ಪಡೆದ ಮನೆಯವರು. ಬಡವರ ಹನ್ನೊಂದು ರೂಪಾಯಿಯೂ ಸಾಹುಕಾರರ ಸಾವಿರವೂ ಅಲ್ಲಿ ಒಂದೊಂದೇ ಸಾಲು. ದೇಶಗಳ ನೆರವಿನ ಪುಸ್ತಕವನ್ನು ಬರೆಯುವವರಾದರೋ ಕೊಟ್ಟವರೇ. ಕೊಟ್ಟವನ ಕೈಯಲ್ಲೇ ಲೇಖನಿಯಿದ್ದರೆ ಮಿಕ್ಕಿದ್ದೂ ದಾನವಾಗುತ್ತದೆ. ಆ ಲೇಖನಿಯನ್ನು ಪಡೆದವರ ಕೈಗೆ ಕೊಟ್ಟು, ನಿಮಗೆ ಬೇಕಾದದ್ದು ಬೇಕಾದ ಹೊತ್ತಿಗೆ ಬಂತೇ, ಅದರಿಂದ ನಿಮ್ಮ ಮಗು ಉಳಿಯಿತೇ ಎಂದು ಕೇಳಲಿ. ಬರುವ ಉತ್ತರವನ್ನು ಅಂಕಿಯಲ್ಲೇ ಬರೆಯಲಿ, ನನ್ನ ಅಭ್ಯಂತರವಿಲ್ಲ.