ಎರಡನೆಯ ಕೋತಿ

ಡಿವಿಡಿಯ ಮೆನುವಿನಲ್ಲಿ ಒಂದು ಆಯ್ಕೆ ಇಟ್ಟುಬಿಟ್ಟರೆ ನೀತಿಯ ಪ್ರಶ್ನೆ ಇತ್ಯರ್ಥವಾಯಿತು ಎಂದು ನಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಉರಿ ಹತ್ತಿದ್ದು ಇಟಲಿಯ ರುಜ್ಜೇರೊ ದೆಯೊದಾತೊ 1980ರಲ್ಲಿ ತೆರೆಗೆ ತಂದ ‘ಕ್ಯಾನಿಬಲ್ ಹೋಲೋಕಾಸ್ಟ್’ ಚಿತ್ರದಿಂದ. ಸಣ್ಣ ಬಂಡವಾಳದ, ಹಲವು ದೇಶಗಳಲ್ಲಿ ನಿಷೇಧಕ್ಕೊಳಗಾದ ಭಯಾನಕ ಚಿತ್ರ ಅದು. ಅದರಲ್ಲಿ ಕೆಲವು ಪ್ರಾಣಿಗಳನ್ನು ಕ್ಯಾಮೆರಾದ ಮುಂದೆ ನಿಜವಾಗಿಯೇ ಕೊಂದಿದ್ದಾರೆ. 2005ರಲ್ಲಿ ಗ್ರೈಂಡ್‌ಹೌಸ್ ರಿಲೀಸಿಂಗ್ ಎಂಬ ಅಮೆರಿಕದ ಕಂಪನಿ ಇದನ್ನು ಡಿವಿಡಿಯಲ್ಲಿ ತಂದಾಗ ಎರಡು ದಾರಿ ಇಟ್ಟಿತು: ಚಿತ್ರವನ್ನು ಪೂರ್ತಿ ನೋಡಬಹುದು, ಇಲ್ಲವೇ ಆ ಕೊಲೆಗಳನ್ನು ಹಾರಿಸಿಕೊಂಡು ಹೋಗುವ ‘ಪ್ರಾಣಿಹಿಂಸೆ ಇಲ್ಲದ’ ಆವೃತ್ತಿಯನ್ನು ನೋಡಬಹುದು. ಫಿಲ್ಮ್ ಸೊಸೈಟಿಯ ಹಳೆಯ ಗೆಳೆಯರೊಬ್ಬರು ಇದನ್ನು ಮೆಚ್ಚಿ, “ಇನ್ನೇನ್ರೀ ನಿಮ್ಮ ತಕರಾರು? ಬೇಡದವರಿಗೆ ಬಟನ್ ಇದೆಯಲ್ಲ!” ಎಂದರು. ಆ ಬಟನ್ ಆ ಚಿತ್ರಕ್ಕಿಂತ ಕೆಟ್ಟದ್ದು ಎಂದು ಸಾಧಿಸಿ ತೋರಿಸುತ್ತೇನೆ ಎಂದು ಅವರಿಗೆ ಮಾತು ಕೊಟ್ಟೆ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಸಾಕ್ಷ್ಯಚಿತ್ರ ತೆಗೆಯಲೆಂದು ಅಮೆಜಾನ್ ಕಾಡಿಗೆ ಹೋದ ನಾಲ್ವರು ನಾಪತ್ತೆಯಾಗುತ್ತಾರೆ. ಹುಡುಕಿಕೊಂಡು ಹೋದ ನ್ಯೂಯಾರ್ಕಿನ ಮಾನವಶಾಸ್ತ್ರದ ಪ್ರೊಫೆಸರ್ ಮನ್ರೊಗೆ ಅವರ ಮೂಳೆಯೂ ಫಿಲ್ಮ್ ಡಬ್ಬಿಗಳೂ ಸಿಗುತ್ತವೆ. ರೀಲು ಓಡಿಸಿ ನೋಡಿದರೆ, ಒಳ್ಳೆಯ ಶಾಟ್ ಸಿಗಲೆಂದು ಆ ನಾಲ್ವರೇ ಗುಡಿಸಲುಗಳಿಗೆ ಬೆಂಕಿ ಇಟ್ಟಿದ್ದಾರೆ, ಅತ್ಯಾಚಾರ ಮಾಡಿದ್ದಾರೆ, ಸಾವುಗಳನ್ನು ನಾಟಕದಂತೆ ಏರ್ಪಡಿಸಿದ್ದಾರೆ. ನಿಜವಾದ ನರಭಕ್ಷಕರು ಯಾರು ಎಂದು ಪ್ರೊಫೆಸರು ಯೋಚಿಸುವಲ್ಲಿಗೆ ಚಿತ್ರ ಮುಗಿಯುತ್ತದೆ. ಸಿಕ್ಕ ರೀಲಿನ ನೆಪದಲ್ಲಿ ಕತೆ ಹೇಳುವ ಈ ತಂತ್ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ 1999ರಲ್ಲಿ ಬಂದ ಮೇಲೆ ಮನೆಮಾತಾಯಿತು. ದೆಯೊದಾತೊ ಅದನ್ನು ಎಷ್ಟು ನಂಬುವಂತೆ ಮಾಡಿದ್ದನೆಂದರೆ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಮಿಲಾನಿನಲ್ಲಿ ಚಿತ್ರವನ್ನು ಜಪ್ತಿ ಮಾಡಿದರು. ನಟರನ್ನು ನಿಜಕ್ಕೂ ಕೊಂದಿದ್ದಾನೆ ಎಂಬ ಗುಮಾನಿ. ಒಂದು ವರ್ಷ ಎಲ್ಲೂ ಮುಖ ತೋರಿಸಬಾರದೆಂದು ನಟರಿಂದ ಬರೆಸಿಕೊಂಡಿದ್ದವನು ಈಗ ಅವರನ್ನೇ ಹುಡುಕಿ ತಂದು, ಬದುಕಿದ್ದಾರೆ ನೋಡಿ ಎಂದು ತೋರಿಸಬೇಕಾಯಿತು. ಕಂಬಕ್ಕೆ ಚುಚ್ಚಿದ ಹೆಣ್ಣು? ಕಬ್ಬಿಣದ ಕಂಬಕ್ಕೆ ಜೋಡಿಸಿದ ಸೈಕಲ್ ಸೀಟಿನ ಮೇಲೆ ಕೂತು ಬಾಯಲ್ಲಿ ಹಗುರ ಮರದ ಚೂಪು ತುಂಡು ಕಚ್ಚಿಕೊಂಡವಳು. ಕೊಲೆಯ ಗುಮಾನಿ ತೀರಿದರೂ ನಾಲ್ಕು ತಿಂಗಳ ಅಮಾನತು ಶಿಕ್ಷೆ ತಪ್ಪಲಿಲ್ಲ. ಇಟಲಿಯಲ್ಲಿ ನಿಷೇಧ ತೆರವಾದದ್ದು 1984ರಲ್ಲಿ.

ಇಂಥ ಚಿತ್ರದ ಮಾತು ಬಂದ ಕೂಡಲೇ ನಮ್ಮಲ್ಲಿ ಯಾರಾದರೊಬ್ಬರು ಅರಿಸ್ಟಾಟಲನ ಕೆಥಾರ್ಸಿಸ್ ತರುತ್ತಾರೆ, ಇನ್ನೊಬ್ಬರು ಬೀಭತ್ಸ ರಸ, ಜುಗುಪ್ಸೆ ಸ್ಥಾಯಿಭಾವ ಎಂದು ಶುರುಮಾಡುತ್ತಾರೆ. ಎರಡಕ್ಕೂ ದೂರದಿಂದಲೇ ನಮಸ್ಕಾರ. ಅವು ಅಭಿನಯದ ಮೀಮಾಂಸೆಗಳು, ಈ ಚಿತ್ರದಲ್ಲಿ ಸತ್ತ ಆಮೆ ಅಭಿನಯಿಸಿರಲಿಲ್ಲ.

ನನಗೆ ಜಗಳ ಇರುವುದು ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಜೊತೆ. ಗೆಳೆಯರು ಕಾಂಟನ ಹೆಸರೆತ್ತಲಿಲ್ಲ, ಆದರೆ ಆ ಬಟನ್ ಕಾಂಟನ ಮೇಷ್ಟ್ರಿಕೆಯಲ್ಲೇ ತಯಾರಾದಂತಿದೆ. ಕೊನಿಗ್ಸ್‌ಬರ್ಗಿನಲ್ಲಿ ಆತ ನೀತಿಶಾಸ್ತ್ರದ ಮೇಲೆ ಮಾಡಿದ ಪಾಠಗಳನ್ನು ವಿದ್ಯಾರ್ಥಿಗಳು ಬರೆದಿಟ್ಟುಕೊಂಡಿದ್ದಾರೆ. ಅಲ್ಲಿ ಆತನ ವಾದ ಇಷ್ಟು: ಪ್ರಾಣಿಗೆ ತನ್ನರಿವಿಲ್ಲ, ಆದ್ದರಿಂದ ಪ್ರಾಣಿಗೆಂದು ನಾವು ಸಲ್ಲಿಸಬೇಕಾದ ನೇರ ಕರ್ತವ್ಯ ಯಾವುದೂ ಇಲ್ಲ. ಬಹುಕಾಲ ದುಡಿದು ಮುದಿಯಾದ ನಾಯಿಯನ್ನು ಒಡೆಯ ಗುಂಡಿಟ್ಟು ಕೊಂದರೆ ನಾಯಿಗೇನೂ ಅನ್ಯಾಯವಾಗದು. ಹಾಳಾಗುವುದು ಆತನೊಳಗಿನ ಮನುಷ್ಯತ್ವ. ಪ್ರಾಣಿಯ ಮೇಲೆ ಕೈ ಪಳಗಿದವನು ನಾಳೆ ಮನುಷ್ಯನ ಮೇಲೂ ಕೈ ಮಾಡುತ್ತಾನೆ. ಇದಕ್ಕೆ ಸಾಕ್ಷಿಯಾಗಿ ಹೊಗಾರ್ತ್ ಎಂಬ ಇಂಗ್ಲಿಷ್ ಚಿತ್ರಕಾರ 1751ರಲ್ಲಿ ಕೊರೆದ ಕ್ರೌರ್ಯದ ನಾಲ್ಕು ಘಟ್ಟಗಳ ಚಿತ್ರಗಳನ್ನು ಕಾಂಟ್ ತೋರಿಸುತ್ತಾನೆ: ನಾಯಿಯನ್ನು ಹಿಂಸಿಸುವ ಹುಡುಗನಿಂದ ಹೊರಟು ಕೊಲೆಗಾರನಲ್ಲಿಗೆ ಮುಟ್ಟುವ ಸರಣಿ ಅದು. ಸೂಕ್ಷ್ಮದರ್ಶಕದಲ್ಲಿ ನೋಡಿ ಮುಗಿದ ಮೇಲೆ ಹುಳುವನ್ನು ಜೋಪಾನವಾಗಿ ಎಲೆಯ ಮೇಲೆ ಬಿಟ್ಟ ತತ್ವಜ್ಞಾನಿ ಲೈಬ್ನಿಜ್ ಕೂಡ ಆ ಪಾಠದಲ್ಲಿ ಬಂದು ಹೋಗುತ್ತಾನೆ.

ಈ ಕಣ್ಣಿಂದ ನೋಡಿದರೆ ಬಟನ್ ಒಪ್ಪವಾಗಿ ಕೂರುತ್ತದೆ. ಪ್ರಾಣಿಗಳು ಸತ್ತು ದಶಕಗಳಾದವು. ಇನ್ನು ಉಳಿದಿರುವುದು ನೋಡುವವನ ಮನಸ್ಸು. ಅದು ಕಲ್ಲಾಗಬಾರದಲ್ಲವೇ? ಹಾಗಾದರೆ ಹಾರಿಸು. ಕೇಡು ನೋಟದಲ್ಲಿದೆ, ನೋಟ ತಪ್ಪಿಸಿದರೆ ಕೇಡು ತಪ್ಪಿತು.

ಈಗ ಕಾಂಟನ ಮುಂದೆ ಒಂದು ಕೋತಿಯನ್ನು ತಂದು ನಿಲ್ಲಿಸುತ್ತೇನೆ. ಚಿತ್ರದಲ್ಲಿ ಕಾಣುವುದು ಆರು ಪ್ರಾಣಿಗಳ ಸಾವು: ಕೋವಾಟಿ ಎಂಬ ಉದ್ದಮೂತಿಯದು, ದೊಡ್ಡದೊಂದು ಆಮೆ, ಟರಾಂಟುಲಾ ಜೇಡ, ಹಾವು, ಹಂದಿ, ಒಂದು ಪುಟ್ಟ ಅಳಿಲುಕೋತಿ. ಸತ್ತದ್ದು ಏಳು. ಕೋತಿಯ ತಲೆ ಕಡಿಯುವ ಶಾಟನ್ನು ಎರಡು ಸಲ ತೆಗೆದರು. ಹಂದಿಗೆ ಗುಂಡು ಹೊಡೆದ ದೃಶ್ಯಕ್ಕೆ ರೀಟೇಕ್ ಇರಲಿಲ್ಲ, ಬೇರೆ ಹಂದಿ ಸಿಗುವಂತಿರಲಿಲ್ಲ. ಕೋತಿ ಸಿಗುತ್ತಿತ್ತು.

ಆ ಎರಡನೆಯ ಕೋತಿ ಡಿಸ್ಕಿನಲ್ಲಿಲ್ಲ. ಪೂರ್ತಿ ಆವೃತ್ತಿಯಲ್ಲೂ ಇಲ್ಲ, ಹಾರಿಸಿದ ಆವೃತ್ತಿಯಲ್ಲಂತೂ ಇಲ್ಲವೇ ಇಲ್ಲ. ಅದನ್ನು ಹಾರಿಸುವ ಬಟನ್ ಯಾರಿಂದಲೂ ಮಾಡಲಾಗದು. ಯಾವ ಪ್ರೇಕ್ಷಕನ ಮನಸ್ಸನ್ನೂ ಅದು ಕಲ್ಲಾಗಿಸಲಿಲ್ಲ, ಏಕೆಂದರೆ ಯಾರೂ ಅದನ್ನು ನೋಡಲಿಲ್ಲ. ನೋಡುವವನ ಅಂತರಂಗದ ಮೇಲೆ ನಿಂತ ನೀತಿಗೆ ಆ ಕೋತಿ ಲೆಕ್ಕಕ್ಕೇ ಸಿಗದು. ಆದರೂ ಆ ವಿಷಯ ಓದಿದ ದಿನ ನನಗೆ ತೆರೆಯ ಮೇಲಿನ ಆರೂ ಸಾವುಗಳಿಗಿಂತ ಅದೇ ಹೆಚ್ಚು ಕಾಡಿತು. ತೆರೆಯ ಮೇಲಿನ ಕೋತಿಗೆ ಚಿತ್ರದಲ್ಲಿ ಒಂದು ಪಾತ್ರವಾದರೂ ಇತ್ತು.

ಕಾಂಟ್ ಸುಮ್ಮನಿರುವ ಆಸಾಮಿ ಅಲ್ಲ. ಕತ್ತಿ ಹಿಡಿದವನ, ‘ಇನ್ನೊಂದು ಟೇಕ್’ ಎಂದವನ ಮನಸ್ಸು ಕಲ್ಲಾಯಿತಲ್ಲ, ಅದು ಸಾಲದೇ ಎನ್ನುತ್ತಾನೆ. ಸರಿ, ಸೆಟ್ಟಿನಲ್ಲಿ ನಡೆದದ್ದನ್ನು ನೋಡೋಣ. ಪ್ರೊಫೆಸರನ ಪಾತ್ರ ಮಾಡಿದ ರಾಬರ್ಟ್ ಕರ್ಮನ್ ಕೋವಾಟಿಯನ್ನು ಕೊಲ್ಲುವಾಗ ಸಿಟ್ಟಿನಿಂದ ಎದ್ದು ಹೋದ. ಹಂದಿಗೆ ಗುಂಡು ಹೊಡೆಯಬೇಕಿದ್ದ ಕಾರ್ಲ್ ಯಾರ್ಕ್ ಒಲ್ಲೆನೆಂದ. ಲೂಕಾ ಬಾರ್ಬಾರೆಸ್ಕಿ ಹೊಡೆದ. ಆಮೆಯ ದೃಶ್ಯ ಮುಗಿದ ಮೇಲೆ ಅದರಲ್ಲಿದ್ದ ನಟನೊಬ್ಬ ಅತ್ತನಂತೆ. ಆ ದೃಶ್ಯದಿಂದ ಅಳುವವನ ಮನಸ್ಸು ಕಲ್ಲಾಯಿತೆನ್ನಲು ಬರುವುದಿಲ್ಲ, ಮೆತ್ತಗಾಯಿತು ಎನ್ನಬೇಕು. ಆತ ಅತ್ತದ್ದರಿಂದ ಆಮೆಗಾದ ಅನ್ಯಾಯ ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಯಿತೇ? ಆಗಲಿಲ್ಲ ಎಂದಾದರೆ ಅನ್ಯಾಯವನ್ನು ಮನುಷ್ಯನ ಮನಸ್ಸಿನಲ್ಲಿ ಅಳೆಯುವುದೇ ತಪ್ಪು. ಕಾಂಟ್ ಸೋತ ಎಂದು ಬರೆದು ಇಲ್ಲಿಗೆ ನಿಲ್ಲಿಸಬಹುದಿತ್ತು.

ಆದರೆ ಇಂಗ್ಲೆಂಡಿನಲ್ಲಿ ಕಟುಕರನ್ನು ನ್ಯಾಯತೀರ್ಮಾನದ ಜ್ಯೂರಿಗೆ ಸೇರಿಸಿಕೊಳ್ಳುವುದಿಲ್ಲ, ಸಾವಿಗೆ ಅವರು ಪಳಗಿಬಿಟ್ಟಿರುತ್ತಾರೆ ಎಂದು ಅದೇ ಪಾಠದಲ್ಲಿ ಕಾಂಟ್ ಹೇಳುತ್ತಾನೆ. ಓದುವಾಗ ನನಗೆ ನಮ್ಮ ದೊಡ್ಡಮ್ಮ ನೆನಪಾದರು. ಮಲೆನಾಡಿನ ನಮ್ಮ ಮನೆಗೆ ನೆಂಟರು ಬಂದರೆ, “ಆ ಕೆಂಪು ಹುಂಜ ಹಿಡೀರೋ” ಎಂದು ಅಪ್ಪಣೆ ಕೊಡುತ್ತಿದ್ದವರು ಅವರೇ. ಚಿಕ್ಕಪ್ಪ ಕತ್ತಿ ತೆಗೆದುಕೊಳ್ಳುತ್ತಿದ್ದಂತೆ ದೊಡ್ಡಮ್ಮ ಹಿತ್ತಲಿಗೆ ಹೋಗಿ ತೆಂಗಿನ ಗರಿ ಸರಿಮಾಡುತ್ತ ನಿಲ್ಲುತ್ತಿದ್ದರು. ಎಲ್ಲ ಮುಗಿದ ಮೇಲೆ ಒಳಗೆ ಬಂದು ಮಸಾಲೆ ಅರೆಯುತ್ತಿದ್ದರು. ಆ ಕೋಳಿಸಾರು, ಕಡುಬಿನ ರುಚಿಯ ಬಗ್ಗೆ ನಾನು ತಕರಾರೆತ್ತಿದವನಲ್ಲ. ಹಿತ್ತಲಿಗೆ ಹೋಗುವುದು ಬಟನ್ ಒತ್ತಿದಂತೆಯೇ ಅಲ್ಲವೇ? ದೊಡ್ಡಮ್ಮನನ್ನು ಸೋಗಿನವರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಸಾವನ್ನು ನಿಂತು ನೋಡುವ ಹಕ್ಕು ತಮಗಿಲ್ಲ ಎಂಬ ಒಂದು ಸಂಕೋಚ ಅವರ ಆ ಹೋಗುವಿಕೆಯಲ್ಲಿತ್ತು ಎಂದೇ ನನ್ನ ಅನ್ನಿಸಿಕೆ. ಬಟನ್ ಒತ್ತುವ ಎಲ್ಲರೂ ತಮ್ಮ ಹೊಟ್ಟೆ ತೊಳಸದಿರಲೆಂದು ಮಾತ್ರ ಒತ್ತುತ್ತಾರೆ ಎನ್ನಲು ನನಗೇನು ಆಧಾರ? ಕೆಲವರಿಗೆ ಅದೂ ಸಂಕೋಚವೇ ಇರಬಹುದು. ಇಷ್ಟು ಜಾಗ ಗೆಳೆಯರಿಗೆ ಬಿಟ್ಟುಕೊಡಲೇಬೇಕು.

ಇನ್ನೂ ಸ್ವಲ್ಪ ಬಿಡಬೇಕು. ಅದೇ ಡಿವಿಡಿಯಲ್ಲಿ ದೆಯೊದಾತೊ ಮತ್ತು ಕರ್ಮನ್ ಕೂತು ಮಾತಾಡಿದ ವ್ಯಾಖ್ಯಾನದ ಟ್ರ್ಯಾಕ್ ಇದೆ. ಥಿಯೇಟರಿನಲ್ಲಿ ಚಿತ್ರ ಬಂದು ಹೋಗುತ್ತಿತ್ತು, ತಯಾರಿಕೆಯ ಒಳಸುದ್ದಿ ಅಲ್ಲೇ ಹೂತುಹೋಗುತ್ತಿತ್ತು. ಸಂದರ್ಶನ, ವ್ಯಾಖ್ಯಾನ, ತೆರೆಮರೆಯ ಕತೆ ಎಂದು ಸರಕು ತುಂಬಿ ಮಾರುವ ಹೋಮ್ ವಿಡಿಯೊ ವ್ಯಾಪಾರ ಇಲ್ಲದಿದ್ದರೆ ಸೆಟ್ಟಿನಲ್ಲಿ ಯಾರು ಎದ್ದು ಹೋದರು, ಯಾರು ಒಲ್ಲೆ ಎಂದರು ಎಂಬುದರಲ್ಲಿ ಬಹುಪಾಲು ನನ್ನಂಥವನಿಗೆ ತಲುಪುತ್ತಿರಲಿಲ್ಲ. ಬಟನ್ ಇಟ್ಟವರೇ ಸಾಕ್ಷಿಯನ್ನೂ ಇಟ್ಟರು. ಮೊದಲು ಮಾತು ಕೊಡುವಾಗ ಇದು ನನ್ನ ಲೆಕ್ಕದಲ್ಲಿರಲಿಲ್ಲ.

ಹಾಗಾದರೆ ನೋಡುವವನ ಮನಸ್ಸಿನ ಗೊಡವೆ ಬಿಟ್ಟು ತಯಾರಿಕೆಯನ್ನೇ ಕೇಳುವ ನೀತಿ ಎಲ್ಲಾದರೂ ಇದೆಯೇ? ಇದೆ, ಮತ್ತು ಅದು ಸಿಕ್ಕುವುದು ದರ್ಶನಗ್ರಂಥಗಳಲ್ಲಲ್ಲ, ಸೆನ್ಸಾರಿನ ಕಚೇರಿಗಳಲ್ಲಿ. ಬ್ರಿಟನ್ನಿನಲ್ಲಿ 1937ರ ಒಂದು ಕಾಯ್ದೆ, ಶಾಟಿಗಾಗಿ ಪ್ರಾಣಿಗೆ ಕ್ರೂರವಾಗಿ ನೋವು ಕೊಟ್ಟಿದ್ದರೆ ಆ ದೃಶ್ಯವನ್ನು ಪ್ರದರ್ಶಿಸಬಾರದು ಎನ್ನುತ್ತದೆ. ಅಲ್ಲಿನ ಸೆನ್ಸಾರ್ ಮಂಡಳಿ 2001ರಲ್ಲಿ ಈ ಚಿತ್ರದಿಂದ ಸುಮಾರು 6 ನಿಮಿಷ ಕತ್ತರಿಸಿತ್ತು. 2011ರಲ್ಲಿ ಕೋವಾಟಿಯ ಸಾವಿನ ಸುಮಾರು 15 ಸೆಕೆಂಡು ಬಿಟ್ಟು ಉಳಿದದ್ದೆಲ್ಲಕ್ಕೂ ಒಪ್ಪಿಗೆ ಕೊಟ್ಟಿತು. ಬೇರೆ ಪ್ರಾಣಿಗಳನ್ನು ಬೇಗ ಕೊಂದಿದ್ದರು ಎಂಬುದು ಅದರ ತರ್ಕ. ನಮ್ಮ ಚಿತ್ರಗಳಲ್ಲಿ ಎತ್ತೋ ಕುದುರೆಯೋ ತೆರೆಗೆ ಬಂದ ಕೂಡಲೇ ಮೂಲೆಯಲ್ಲಿ ‘ಸಿಜಿಐ’ (ಕಂಪ್ಯೂಟರಿನಲ್ಲಿ ಮಾಡಿದ್ದು) ಎಂಬ ಅಕ್ಷರ ಮೂಡುತ್ತದೆ, ಸೆಂಟಿಮೆಂಟ್ ದೃಶ್ಯದಲ್ಲೂ ಜನ ಗೊಳ್ಳೆಂದು ನಗುತ್ತಾರೆ. ನಗೆಪಾಟಲಿಗೆ ಈಡಾದ ಆ ಅಕ್ಷರ ನನ್ನ ಮಟ್ಟಿಗೆ ಡಿವಿಡಿಯ ಬಟನ್‌ಗಿಂತ ಒಂದು ಹೆಜ್ಜೆ ಮುಂದಿದೆ, ಏಕೆಂದರೆ ಅದು ಪ್ರಾಣಿಗೆ ಏನಾಯಿತು ಎಂದು ಹೇಳುತ್ತದೆ, ನನಗೆ ಏನಾಗಬಹುದು ಎಂದಲ್ಲ. ಆದರೆ ಬ್ರಿಟನ್ನಿನ ಕಾಯ್ದೆಯಲ್ಲೂ ತೆರೆಗೆ ಬಾರದ ಕೋತಿಗೆ ಜಾಗವಿಲ್ಲ. ಪ್ರದರ್ಶನವೇ ಇಲ್ಲದ ಮೇಲೆ ತಡೆಯುವುದೇನನ್ನು?

ಆ ಕೋತಿಗಾದ ಅನ್ಯಾಯ ಯಾವುದು ಎಂದು ನೇರವಾಗಿ ಹೇಳಲು ಹೋದರೆ ನನಗೆ ಸಿಕ್ಕುವ ಒಂದೇ ಆಯುಧ, ತಮಾಷೆಯೆಂದರೆ, ಕಾಂಟನದೇ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬೇಡ ಎಂದವನು ಅವನು. ಇನ್ನೊಂದು ಟೇಕ್ ಬೇಕೆಂದು ಇನ್ನೊಂದು ಜೀವ ತಂದು ಕಡಿಯುವುದಕ್ಕಿಂತ ಶುದ್ಧವಾದ ಉದಾಹರಣೆ ಅದಕ್ಕೆ ಎಲ್ಲಿ ಸಿಗಬೇಕು? ಪ್ರಾಣಿಗಳಿಗೆ ಕಾಂಟ್ ಮುಚ್ಚಿದ ಬಾಗಿಲನ್ನು ಅವನದೇ ಕೀಲಿಯಿಂದ ತೆರೆಯಬಹುದು ಎಂದು ಅಮೆರಿಕದ ತತ್ವಜ್ಞಾನಿ ಕ್ರಿಸ್ಟೀನ್ ಕೋರ್ಸ್‌ಗಾರ್ಡ್ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಒಪ್ಪಿದೆ. ಆದರೆ ಆ ಬಾಗಿಲು ತೆರೆದರೆ ಒಳಗೆ ಬರುವುದು ಕೋತಿ ಒಂದೇ ಅಲ್ಲ, ಹಿಂದೆಯೇ ಕೆಂಪು ಹುಂಜವೂ ಬರುತ್ತದೆ.

ಹುಂಜ ಊಟಕ್ಕೆ, ಕೋತಿ ಶಾಟಿಗೆ ಎಂದು ಗೆರೆ ಎಳೆಯೋಣವೆಂದರೆ ಅದೂ ನಿಲ್ಲುವುದಿಲ್ಲ. ಚಿತ್ರದಲ್ಲಿ ನಟಿಸಿದ ಸ್ಥಳೀಯ ಮೂಲನಿವಾಸಿಗಳು ಆ ಎರಡೂ ಕೋತಿಗಳನ್ನು ತಿಂದರು. ಕೋತಿಯ ಮಿದುಳು ಅವರಿಗೆ ರುಚಿಯ ಪದಾರ್ಥ. ದೆಯೊದಾತೊ ತನ್ನ ಸಮರ್ಥನೆಗೆ ಇದನ್ನೇ ಹೇಳುತ್ತಿದ್ದ, ಕೊನೆಕೊನೆಗೆ ಪ್ರಾಣಿಗಳನ್ನು ತಂದದ್ದು ತನ್ನ ಮೂರ್ಖತನ ಎಂದೂ ಹೇಳಿದ. ಶಾಟಿಗಾಗಿ ಕೊಂದದ್ದು ಊಟವಾದರೆ ಅದು ಯಾವ ಕೊಲೆ? ಕೊಂದವನ ಉದ್ದೇಶದಿಂದ ನಿರ್ಧರಿಸೋಣವೆಂದರೆ ಮತ್ತೆ ಮನುಷ್ಯನ ಮನಸ್ಸಿಗೇ ಬಂದು ಬೀಳುತ್ತೇವೆ. ಕಾಂಟನನ್ನು ಓಡಿಸಿದ್ದು ಅಲ್ಲಿಂದಲೇ. ಎರಡನೆಯ ಟೇಕ್ ಇಲ್ಲದೇ ಹೋಗಿದ್ದರೆ ಎರಡನೆಯ ಕೋತಿ ಬದುಕುತ್ತಿತ್ತು ಎಂಬುದೊಂದು ಹಿಡಿಕೆ ನನಗೆ ಉಳಿದಿದೆ. ಇದನ್ನು ಹೇಳಿದಾಗ ಗೆಳೆಯರು, “ಆ ಊರಿನವರು ಅವತ್ತು ಸಂಜೆ ಊಟಕ್ಕೆ ಹೇಗಿದ್ದರೂ ಒಂದು ಕೋತಿ ಹೊಡೆಯುತ್ತಿರಲಿಲ್ಲ ಎಂದು ನಿಮಗೆ ಹೇಗೆ ಗೊತ್ತು?” ಎಂದರು. ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ.