ಕೂವೆಮರದ ಮೇಲಣ ಬೆಳಕು

(ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು, 27 ಮತ್ತು 28ನೆಯ ಅಧ್ಯಾಯಗಳು)



ಅಪೊಸ್ತಲನಾದ ಪೌಲನು ಸೆರೆಯಾಳಾಗಿ ಸಮುದ್ರಮಾರ್ಗದಿಂದ ರೋಮಾಪುರಕ್ಕೆ ಹೋದ ವೃತ್ತಾಂತವನ್ನು ನಾವೆಲ್ಲರೂ ಬಲ್ಲೆವು. ಅವನ ಹಡಗು ಮೆಲೀತೆ, ಅಂದರೆ ಈಗಿನ ಮಾಲ್ಟಾ ದ್ವೀಪದ ಬಳಿಯಲ್ಲಿ ಒಡೆದುಹೋಯಿತು. ಅವನು ಮೂರು ತಿಂಗಳು ಅಲ್ಲಿದ್ದು ತರುವಾಯ ಬೇರೊಂದು ಹಡಗನ್ನು ಹತ್ತಿದನು. ಈ ಎರಡನೆಯ ಹಡಗಿಗೆ ಅವಳಿ ದೇವತೆಗಳ ಚಿಹ್ನೆಯಿತ್ತೆಂದು ಲೂಕನು ಬರೆದಿಟ್ಟಿದ್ದಾನೆ. ಓದುವವರು ಈ ಸಣ್ಣ ಮಾತನ್ನು ಲಕ್ಷಿಸದೆ ದಾಟಿಹೋಗುವದುಂಟು. ಆದರೆ ಆ ಚಿಹ್ನೆಯು ಹಡಗಿಗೆ ಯಾಕೆ ಬಂತೆಂದು ವಿಚಾರಿಸಿದರೆ ನಮಗೆ ಪ್ರಯೋಜನಕರವಾದ ಪಾಠವು ದೊರೆಯುವದು.

ಆ ಅವಳಿಗಳು ಗ್ರೀಕರು ಪೂಜಿಸುತ್ತಿದ್ದ ಕಾಸ್ಟರ್ ಮತ್ತು ಪೊಲಕ್ಸ್ ಎಂಬವರು. ಬಿರುಗಾಳಿಯ ರಾತ್ರಿಯಲ್ಲಿ ಹಡಗಿನ ಕೂವೆಮರದ, ಅಂದರೆ ಹಾಯಿ ಕಟ್ಟುವ ಕಂಬದ, ತುದಿಯಲ್ಲಿ ನೀಲಿ ಬಣ್ಣದ ಬೆಳಕು ಕಾಣಿಸುವದುಂಟು. ಅದು ಉರಿಯುವಂತೆ ತೋರುವದು, ಆದರೂ ಮರವು ಸುಡುವದಿಲ್ಲ. ಇಂಥ ಬೆಳಕು ಎರಡಾಗಿ ಕಂಡರೆ ಅವಳಿ ದೇವತೆಗಳು ಕಾಪಾಡುವದಕ್ಕೆ ಬಂದರೆಂದು ಅಂಬಿಗರು ಹರ್ಷಿಸುತ್ತಿದ್ದರು. ಒಂದೇ ಕಂಡರೆ ಅದು ಅವರ ಸಹೋದರಿಯಾದ ಹೆಲೆನಳೆಂದೂ ಕೇಡು ತಪ್ಪದೆಂದೂ ನಡುಗುತ್ತಿದ್ದರು. ರೋಮಿನ ಪಂಡಿತನಾದ ಪ್ಲಿನಿಯು ಮೊದಲನೆಯ ಶತಮಾನದಲ್ಲಿಯೇ ಇದನ್ನು ಬರೆದಿದ್ದಾನೆ.

ಆ ಮೇಲೆ ಸುವಾರ್ತೆಯು ಆ ಸೀಮೆಗಳಲ್ಲಿ ಹಬ್ಬಿತು. ಅಂಬಿಗರು ಕಾಸ್ಟರ್ ಪೊಲಕ್ಸರನ್ನು ಬಿಟ್ಟರು. ಆದರೆ ಅದೇ ಬೆಳಕಿಗೆ ಸಂತ ಎಲ್ಮೋ ಎಂದು ಹೆಸರಿಟ್ಟು ಮತ್ತೆ ಕೈಮುಗಿದರು. 1519ರಲ್ಲಿ ಸ್ಪೇನಿನಿಂದ ಹೊರಟ ಮಗೆಲನನ ಹಡಗುಗಳಲ್ಲಿದ್ದ ಪಿಗಾಫೆಟ್ಟನು, ಕಗ್ಗತ್ತಲೆಯ ಬಿರುಗಾಳಿಯಲ್ಲಿ ಈ ಬೆಳಕು ಕಂಡಾಗ ಅಳುತ್ತಿದ್ದ ಜನರು ಸಮಾಧಾನ ಹೊಂದಿದರೆಂದು ತಿಳಿಸುತ್ತಾನೆ. ಹೆಸರು ಬದಲಾಯಿತು, ಹೃದಯವು ಬದಲಾಗಲಿಲ್ಲ. ಪ್ರಿಯರೇ, ಈ ಮಾತನ್ನು ನಾವು ಸುಮ್ಮನೆ ಹೇಳುವದಿಲ್ಲ. ಹಳೆಯ ಹೆದರಿಕೆಯು ಹೊಸ ಹೆಸರನ್ನು ಹೊದ್ದುಕೊಂಡು ಸಭೆಯ ಬಾಗಲೊಳಗೆ ಬರಬಲ್ಲದು.

ಹಾಗಾದರೆ ಆ ಬೆಳಕು ಏನು? 18ನೆಯ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು ಮೊದಲಾದವರು ಮಿಂಚೂ ವಿದ್ಯುಚ್ಛಕ್ತಿಯೂ ಒಂದೇ ಎಂದು ತೋರಿಸಿದ ಮೇಲೆ ಇದರ ಮರ್ಮವು ತಿಳಿಯಿತು. ಗುಡುಗಿನ ಮೋಡವು ಮೇಲೆ ಬಂದು ನಿಂತಾಗ ಅದರ ವಿದ್ಯುತ್ತಿನ ಸೆಳೆತವು ಮೊನಚಾದ ತುದಿಗಳಲ್ಲಿ ಹೆಚ್ಚಾಗಿ ಕೂಡುವದು. ಆಗ ತುದಿಯ ಸುತ್ತಣ ಗಾಳಿಯೇ ನೀಲಿಯಾಗಿ ಹೊಳೆಯುವದು. ಇದನ್ನು ಚೆನ್ನಾಗಿ ಲಕ್ಷಿಸಿರಿ: ಈ ಹೊಳಪು ಸಿಡಿಲು ಸಮೀಪವಿರಬಹುದೆಂಬದಕ್ಕೆ ಗುರುತು. ಅದನ್ನು ರಕ್ಷಕನೆಂದು ನಂಬಿದವರು ಅಪಾಯದ ಗುರುತನ್ನೇ ಅಭಯವೆಂದು ತಿಳಿದರು. ಕುರುಡು ಭಕ್ತಿಯ ಫಲವು ಇಂಥದು.

ಒಬ್ಬನು ಹೀಗೆ ಕೇಳಬಹುದು: ಕಾರಣ ತಿಳಿದ ಬೆಳಕಿನ ಮಾತು ಸರಿ, ಕಾರಣ ತಿಳಿಯದ್ದನ್ನು ಕಂಡರೆ ಏನು ಮಾಡಬೇಕು? ಅಂಥವುಗಳೂ ಉಂಟು. 1492ನೆಯ ಅಕ್ಟೋಬರ್ 11ರ ರಾತ್ರಿ ಸುಮಾರು ಹತ್ತು ಘಂಟೆಗೆ ಕೊಲಂಬಸನು ಕತ್ತಲೆಯಲ್ಲಿ ಸಣ್ಣ ಮೇಣದ ಬತ್ತಿಯಂಥ ಬೆಳಕು ಏಳುತ್ತಾ ಇಳಿಯುತ್ತಾ ಇರುವದನ್ನು ಕಂಡನು. ಅವನು ಕರೆದ ಇಬ್ಬರಲ್ಲಿ ಒಬ್ಬನಿಗೆ ಅದು ಕಂಡಿತು, ಮತ್ತೊಬ್ಬನಿಗೆ ಕಾಣಲಿಲ್ಲ. ಆಗ ಅವನು ಅದೇ ಭೂಮಿಯೆಂದು ಸಾಧಿಸಲಿಲ್ಲ. ಚೆನ್ನಾಗಿ ಕಾವಲು ನೋಡಿರೆಂದು ಅಂಬಿಗರಿಗೆ ಅಪ್ಪಣೆಕೊಟ್ಟನು. ನಡುರಾತ್ರಿ ಕಳೆದು ಎರಡು ಘಂಟೆಗೆ ಭೂಮಿಯು ನಿಜವಾಗಿ ಕಂಡಿತು. ಮೊದಲು ಕಂಡ ಬೆಳಕು ಏನೆಂದು ಈ ಹೊತ್ತಿನ ವರೆಗೂ ನಿಶ್ಚಯವಾಗಿಲ್ಲ. ಆದರೂ ಅದರ ದೆಸೆಯಿಂದ ಪ್ರಯಾಣವು ನಿಲ್ಲಲಿಲ್ಲ.

ಇನ್ನೊಂದು ಸಂಗತಿಯನ್ನು ಕೇಳಿರಿ. 1881ನೆಯ ಜುಲೈ 11ರ ಬೆಳಗಿನ ಜಾವ ನಾಲ್ಕು ಘಂಟೆಗೆ, ಆಸ್ಟ್ರೇಲಿಯದ ಸಮೀಪದಲ್ಲಿ, ಇನ್‌ಕಾನ್‌ಸ್ಟಂಟ್ ಎಂಬ ಆಂಗ್ಲ ಯುದ್ಧನೌಕೆಯ ಮುಂದೆ ವಿಚಿತ್ರವಾದ ಕೆಂಪು ಬೆಳಕೂ ಅದರ ನಡುವೆ ಹಾಯಿಹಡಗಿನ ಆಕಾರವೂ ಕಂಡವು. ಮುಂದಕ್ಕೆ ಐದನೆಯ ಜಾರ್ಜ್ ಅರಸನಾದ ರಾಜಕುಮಾರನು ಆ ನೌಕೆಯಲ್ಲಿ ಪ್ರಯಾಣಮಾಡುತ್ತಿದ್ದನು. ಹದಿಮೂರು ಮಂದಿ ಅದನ್ನು ನೋಡಿದರೆಂದು 1886ರಲ್ಲಿ ಅಚ್ಚಾದ ಆ ಯಾತ್ರೆಯ ವೃತ್ತಾಂತವು ಹೇಳುತ್ತದೆ. ಜೊತೆಯಲ್ಲಿದ್ದ ಬೇರೆ ಎರಡು ನೌಕೆಗಳವರು ಸಹ ಆ ಬೆಳಕಿನ ವಿಷಯವಾಗಿ ವಿಚಾರಿಸಿದರು. ಸ್ಥಳಕ್ಕೆ ಹೋಗಿ ನೋಡಿದರೆ ಯಾವ ಹಡಗೂ ಇರಲಿಲ್ಲ. ಶಾಪಗ್ರಸ್ತವಾದ ಡಚ್ಚರ ಭೂತಹಡಗು ಅದೇ ಎಂದರು. ಅದೇ ದಿನ ಬೆಳಗ್ಗೆ, ಆ ಬೆಳಕನ್ನು ತಿಳಿಸಿದ ಅಂಬಿಗನು ಕೂವೆಮರದಿಂದ ಬಿದ್ದು ಸತ್ತನು. ಭೂತವನ್ನು ಕಂಡದ್ದರಿಂದ ಸತ್ತನೆಂದು ಜನರು ಇಂದಿಗೂ ಹೇಳುತ್ತಾರೆ. ಆದರೆ ಉಳಿದ ಹನ್ನೆರಡು ಮಂದಿಯನ್ನು ಯಾರು ಎಣಿಸುತ್ತಾರೆ? ಮೂಢಭಕ್ತಿಯ ಲೆಕ್ಕವೇ ಹೀಗೆ: ಹೊಂದಿದ್ದನ್ನು ಬರೆದುಕೊಳ್ಳುವದು, ಹೊಂದದ್ದನ್ನು ಮರೆತುಬಿಡುವದು. ಎತ್ತರದ ಮರವನ್ನೇರಿ ದುಡಿಯುವವನು ಬಿದ್ದು ಸತ್ತರೆ ನಾವು ದುಃಖಪಡತಕ್ಕದ್ದು, ಅವನ ಮರಣವನ್ನು ಕಥೆಗೆ ಅಲಂಕಾರ ಮಾಡತಕ್ಕದ್ದಲ್ಲ.

ಇಷ್ಟು ಹೇಳಿದ ಮೇಲೆ, ಕಂಡವರನ್ನು ಸುಳ್ಳುಗಾರರೆಂದು ಹಾಸ್ಯಮಾಡುವದೂ ನಮಗೆ ಯುಕ್ತವಲ್ಲ. ರಾತ್ರಿಯಲ್ಲಿ ಸಮುದ್ರವೆಲ್ಲಾ ಹಾಲಿನಂತೆ ಬೆಳಗುವದನ್ನು ಕಂಡೆವೆಂದು ಅಂಬಿಗರು ಹಿಂದಿನಿಂದ ಹೇಳುತ್ತಿದ್ದರು. ಕೇಳಿದವರಲ್ಲಿ ಅನೇಕರು ನಂಬಲಿಲ್ಲ. 1995ನೆಯ ಜನವರಿಯಲ್ಲಿ ಸೊಮಾಲಿಯದ ಕರಾವಳಿಯಾಚೆ ಲೀಮಾ ಎಂಬ ಹಡಗಿನವರು ಅದನ್ನು ಕಂಡು ಬರೆದಿಟ್ಟರು. ವಿದ್ವಾಂಸರು ಆಕಾಶದಲ್ಲಿ ಸುತ್ತುವ ಕೃತ್ರಿಮ ಉಪಗ್ರಹದ ಚಿತ್ರಗಳನ್ನು ಶೋಧಿಸಿದಾಗ, ಅದೇ ಸ್ಥಳದಲ್ಲಿ ಸುಮಾರು 15,400 ಚದರ ಕಿಲೋಮೀಟರಿನಷ್ಟು ನೀರು ಬೆಳಗಿದ್ದು ಕಂಡಿತು; ಇದನ್ನು 2005ರಲ್ಲಿ ಪ್ರಕಟಿಸಿದರು. ಬೆಳಕು ಬೀರುವ ಸೂಕ್ಷ್ಮಜೀವಿಗಳೇ ಕಾರಣವೆಂದು ಅವರ ಅಭಿಪ್ರಾಯ. ಕಂಡದ್ದನ್ನು ಕೂಡಿಸದೆ ಕಳೆಯದೆ ಹೇಳಿದ ಅಂಬಿಗನ ಸಾಕ್ಷಿಯು ನಿಂತಿತು. ಸತ್ಯವಾದ ಸಾಕ್ಷಿಯು ದೇವರಿಗೆ ಮೆಚ್ಚಿಕೆಯಾದದ್ದು.

ಈಗ ಪೌಲನನ್ನು ನೋಡಿರಿ. ಆ ಬಿರುಗಾಳಿಯಲ್ಲಿ ಅನೇಕ ದಿವಸ ಸೂರ್ಯನಾಗಲಿ ನಕ್ಷತ್ರಗಳಾಗಲಿ ಕಾಣಲಿಲ್ಲ. 276 ಮಂದಿ ಊಟವಿಲ್ಲದೆ ಕಂಗೆಟ್ಟಿದ್ದರು. ಅವನು ಮೋಡದಲ್ಲಿ ಶಕುನವನ್ನು ಹುಡುಕಲಿಲ್ಲ. ದೇವರು ಕೊಟ್ಟ ಮಾತನ್ನು ನಂಬಿ, ರೊಟ್ಟಿಯನ್ನು ತೆಗೆದುಕೊಂಡು ಎಲ್ಲರ ಮುಂದೆ ಸ್ತೋತ್ರಮಾಡಿ ತಿಂದು, ಅವರನ್ನೂ ಉಣ್ಣಿಸಿದನು. ದಡ ಸೇರಿದ ಮೇಲೆ ಹಾವು ಅವನ ಕೈಯನ್ನು ಹಿಡಿಯಲು, ದ್ವೀಪದವರು ಅವನನ್ನು ಕೊಲೆಗಾರನೆಂದರು. ಅವನು ಸಾಯದಿರಲು ದೇವರೆಂದರು. ಶಕುನವನ್ನು ನಂಬುವವರ ತೀರ್ಪು ಹೀಗೆ ಒಂದೇ ಘಳಿಗೆಯಲ್ಲಿ ತಿರುಗುವದು. ಕಡೆಗೆ ಅವನು ಅವಳಿ ದೇವತೆಗಳ ಚಿಹ್ನೆಯಿದ್ದ ಹಡಗನ್ನೂ ಹತ್ತಿದನು. ಅದಕ್ಕೆ ಅಂಜಿ ಹಿಂಜರಿಯಲಿಲ್ಲ, ಅಡ್ಡಬೀಳಲೂ ಇಲ್ಲ. ಅದು ಕೆತ್ತಿದ ಮರವೆಂದೂ ಗಾಳಿಯೂ ನೀರೂ ಯಾರ ಕೈಯಲ್ಲಿವೆಯೆಂದೂ ಅವನು ಬಲ್ಲವನಾಗಿದ್ದನು.

ಪ್ರಿಯರೇ, ನಮ್ಮಲ್ಲಿ ಬಹುಮಂದಿ ಸಮುದ್ರವನ್ನು ಕಂಡವರಲ್ಲ. ಆದರೆ ಕೆರೆಯ ಅಂಚಿನಲ್ಲಿ ಕೊಳ್ಳಿದೆವ್ವ ಕಂಡಿತೆಂಬ ಮಾತು ಕೇಳದ ಊರು ಯಾವದು? ಆ ವಾರದಲ್ಲಿ ಒಂದು ಮಗುವಿಗೆ ಜ್ವರ ಬಂದರೆ, ಆಸ್ಪತ್ರೆಗೆ ಒಯ್ಯಬೇಕಾದ ಹೊತ್ತಿನಲ್ಲಿ ಮಂತ್ರಗಾರನ ಬಳಿಗೆ ಕೋಳಿಯನ್ನು ಒಯ್ಯುವವರುಂಟು. ದಿಕ್ಕಿಲ್ಲದ ವಿಧವೆಯ ಮೇಲೆ ದೋಷವನ್ನು ಹೊರಿಸುವವರುಂಟು. ಬೆಳಕು ಮಗುವನ್ನು ಕೊಲ್ಲುವದಿಲ್ಲ. ತಡವಾದ ಔಷಧವು ಕೊಲ್ಲುವದು. ಬೆಳಕು ವಿಧವೆಯನ್ನು ಊರಿನಿಂದ ಓಡಿಸುವದಿಲ್ಲ. ನಮ್ಮ ನಾಲಿಗೆಯು ಓಡಿಸುವದು. ಸ್ನಾನಹೊಂದಿದ ಮನೆಗಳಲ್ಲಿ ಇಂಥದು ನಡೆಯುವದಾದರೆ ನಾವು ಯಾರ ಚಿಹ್ನೆಯನ್ನು ಹೊತ್ತಿದ್ದೇವೆ?

ಆದುದರಿಂದ ತಿಳಿಯದ ಬೆಳಕನ್ನು ಕಂಡರೆ ಅಡ್ಡಬೀಳಬೇಡಿರಿ, ಓಡಬೇಡಿರಿ, ಕಂಡದ್ದಕ್ಕಿಂತ ಹೆಚ್ಚು ಹೇಳಬೇಡಿರಿ. ರೋಗಿಯನ್ನು ವೈದ್ಯನ ಬಳಿಗೆ ಒಯ್ಯಿರಿ, ಹಸಿದವನಿಗೆ ಅನ್ನವನ್ನು ಬಡಿಸಿರಿ, ಚುಕ್ಕಾಣಿಯನ್ನು ಬಿಡಬೇಡಿರಿ. ಕತ್ತಲೆಯನ್ನೂ ಬೆಳಕನ್ನೂ ಉಂಟುಮಾಡಿದ ತಂದೆಯು ನಮ್ಮ ಹೃದಯದಿಂದ ಹಳೆಯ ಅಂಜಿಕೆಯನ್ನು ತೆಗೆದುಹಾಕಿ, ಬಿರುಗಾಳಿಯಲ್ಲಿಯೂ ನೆರೆಯವನನ್ನು ಪೋಷಿಸುವ ಧೈರ್ಯವನ್ನು ನಮಗೆ ದಯಪಾಲಿಸಲಿ. ಆಮೆನ್.